ದಕ್ಷಿಣ ಆಫ್ರಿಕಾದಲ್ಲಿ ಮೆಟ್ರಿಕ್ ನಂತರ ಮುಂದೇನು? ವಿಶ್ವವಿದ್ಯಾಲಯ, ಟಿವೆಟ್ ಕಾಲೇಜು, ಕಸುಬಿನ ತರಬೇತಿ: ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ, ಡರ್ಬನ್, ಕೇಪ್‌ಟೌನ್‌ಗಳಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಕುಟುಂಬಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಶುರುವಾಗುವುದು ಮಗು ಹನ್ನೆರಡನೇ ಗ್ರೇಡಿಗೆ ಬಂದ ಮೇಲೆ. ಊರಿನ ಲೆಕ್ಕ ಹಾಗೆಯೇ ಇದೆಯಲ್ಲ: ಪಿಯುಸಿ ಫಲಿತಾಂಶ ಬರಲಿ, ಸಿಇಟಿ ರ‍್ಯಾಂಕ್ ಗೊತ್ತಾಗಲಿ, ಆಮೇಲೆ ನೋಡೋಣ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಫಲಿತಾಂಶ ಬರುವುದು ಜನವರಿಯಲ್ಲಿ, ಅರ್ಜಿಯ ಗಡುವು ಮುಗಿಯುವುದು ಅದರ ಹಿಂದಿನ ಜುಲೈ ಅಥವಾ ಸೆಪ್ಟೆಂಬರಿನಲ್ಲಿ, ಯಾವ ಕೋರ್ಸಿಗೆ ಅರ್ಜಿ ಹಾಕಬಹುದು ಎಂಬುದು ಒಂಬತ್ತನೇ ಗ್ರೇಡಿನ ಕೊನೆಗೇ ಅರ್ಧ ತೀರ್ಮಾನವಾಗಿರುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ವಿಶ್ವವಿದ್ಯಾಲಯ ಸಿಗದಿದ್ದರೆ ಬದುಕೇ ಮುಗಿಯಿತು ಎಂಬಂತೆ ಕೂರುತ್ತಾರೆ. ಈ ದೇಶದಲ್ಲಿ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್, ಮಿಲ್‌ರೈಟ್ (ಕಾರ್ಖಾನೆಯ ಯಂತ್ರಗಳನ್ನು ಕೂರಿಸಿ ದುರಸ್ತಿ ಮಾಡುವವರು) ಅಥವಾ ಡೀಸೆಲ್ ಮೆಕ್ಯಾನಿಕ್‌ಗೆ ಇರುವ ಬೇಡಿಕೆ ಎಷ್ಟೋ ಪದವಿಗಳಿಗಿಲ್ಲ. ಹಾಗಾಗಿ ಈ ಬರಹದಲ್ಲಿ ಕಸುಬಿನ ದಾರಿಗೂ ಸಾಕಷ್ಟು ಜಾಗ ಕೊಟ್ಟಿದ್ದೇನೆ.

ಹಂತ 1: ಎನ್‌ಕ್ಯುಎಫ್ ಮೆಟ್ಟಿಲುಗಳನ್ನು ಗುರುತಿಸಿಕೊಳ್ಳಿ

ದೇಶದ ಎಲ್ಲ ಅರ್ಹತೆಗಳನ್ನೂ ರಾಷ್ಟ್ರೀಯ ಅರ್ಹತಾ ಚೌಕಟ್ಟಿನಲ್ಲಿ 1ರಿಂದ 10ರವರೆಗಿನ ಮಟ್ಟಗಳಲ್ಲಿ ಇಟ್ಟಿದ್ದಾರೆ. ಇದನ್ನು ನೋಡಿಕೊಳ್ಳುವ ಪ್ರಾಧಿಕಾರವೇ ಸಾಕ್ವಾ. ಮೆಟ್ರಿಕ್, ಅಂದರೆ ಹನ್ನೆರಡನೇ ಗ್ರೇಡಿನ ರಾಷ್ಟ್ರೀಯ ಸೀನಿಯರ್ ಸರ್ಟಿಫಿಕೇಟ್, 4ನೇ ಮಟ್ಟದಲ್ಲಿದೆ. ಒಂದು ವರ್ಷದ ಹೈಯರ್ ಸರ್ಟಿಫಿಕೇಟ್ 5, ಸಾಮಾನ್ಯವಾಗಿ ಮೂರು ವರ್ಷದ ಡಿಪ್ಲೊಮಾ 6, ಮೂರು ವರ್ಷದ ಪದವಿ 7. ಆನರ್ಸ್ ಇಲ್ಲಿ ಪದವಿಯ ಮೇಲೆ ಬೇರೆಯಾಗಿ ಮಾಡುವ ಒಂದು ವರ್ಷದ ಓದು, ಅದು 8ನೇ ಮಟ್ಟ. ನಾಲ್ಕು ವರ್ಷದ ವೃತ್ತಿಪರ ಪದವಿಗಳೂ, ಉದಾಹರಣೆಗೆ ಎಂಜಿನಿಯರಿಂಗ್, 8ರಲ್ಲೇ ನಿಲ್ಲುತ್ತವೆ. ಸ್ನಾತಕೋತ್ತರ ಪದವಿ 9, ಡಾಕ್ಟರೇಟ್ 10.

ಯಾವ ಸಂಸ್ಥೆಯ ಜಾಹೀರಾತು ಕಂಡರೂ ಮೊದಲು ಕೇಳಬೇಕಾದ್ದು ಇದೇ: ಈ ಕೋರ್ಸ್ ಎಷ್ಟನೇ ಮಟ್ಟದ್ದು? ಮೂರು ವರ್ಷದ ಪದವಿ ಮುಗಿಸಿದವರು ನೇರವಾಗಿ ಎಂ.ಎಸ್ಸಿ.ಗೆ ಹೋಗಬಹುದು ಎಂದುಕೊಂಡು ಆಮೇಲೆ ಪೇಚಾಡುವವರಿದ್ದಾರೆ. ನಡುವೆ ಆನರ್ಸ್ ವರ್ಷವೊಂದು ಇದ್ದೇ ಇದೆ, ಅದಕ್ಕೆ ಮತ್ತೆ ಅರ್ಜಿ ಹಾಕಿ ಸೀಟು ಪಡೆಯಬೇಕು.

ಹಂತ 2: ಒಂಬತ್ತನೇ ಗ್ರೇಡಿನಲ್ಲಿ ವಿಷಯಗಳನ್ನು ಆರಿಸುವುದು

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಹತ್ತನೇ ಗ್ರೇಡಿನಿಂದ ಮಗು ಏಳು ವಿಷಯ ಓದುತ್ತದೆ: ಎರಡು ಭಾಷೆ, ಗಣಿತದ ಒಂದು ರೂಪ, ಲೈಫ್ ಓರಿಯೆಂಟೇಷನ್ (ಬದುಕಿನ ಕೌಶಲಗಳ ಪಾಠ), ಜೊತೆಗೆ ಮೂರು ಐಚ್ಛಿಕ ವಿಷಯ. ಪೇಚು ಇರುವುದು ಗಣಿತದಲ್ಲಿ. ‘ಮ್ಯಾಥಮ್ಯಾಟಿಕ್ಸ್’ ಮತ್ತು ‘ಮ್ಯಾಥಮ್ಯಾಟಿಕಲ್ ಲಿಟರಸಿ’ ಎಂಬ ಎರಡು ಬೇರೆ ಬೇರೆ ವಿಷಯಗಳಿವೆ. ಎರಡನೆಯದರಲ್ಲಿ ಸಂಬಳದ ಚೀಟಿ, ಸಾಲದ ಬಡ್ಡಿ, ನಕ್ಷೆ, ಅಳತೆಯಂಥ ದಿನಬಳಕೆಯ ಲೆಕ್ಕಗಳು ಬರುತ್ತವೆ. ಬದುಕಿಗೆ ಉಪಯುಕ್ತವೇ, ಅಂಕವೂ ಸುಲಭವಾಗಿ ಬರುತ್ತದೆ. ಆದರೆ ಅದನ್ನು ಓದಿದವರಿಗೆ ಎಂಜಿನಿಯರಿಂಗ್, ವೈದ್ಯಕೀಯ, ಕಂಪ್ಯೂಟರ್ ಸೈನ್ಸ್, ಚಾರ್ಟರ್ಡ್ ಅಕೌಂಟೆನ್ಸಿ ದಾರಿ ಮುಚ್ಚಿದ ಹಾಗೆಯೇ. ಲಿಟರಸಿಯಲ್ಲಿ ಶೇ 90 ಬಂದರೂ ಅದು ಗಣಿತದ ಶೇ 60ಕ್ಕೆ ಸಮನಾಗುವುದಿಲ್ಲ. ಗಣಿತದಿಂದ ಲಿಟರಸಿಗೆ ಇಳಿಯುವುದು ಸುಲಭ. ಹತ್ತನೇ ಗ್ರೇಡ್ ದಾಟಿದ ಮೇಲೆ ಅಲ್ಲಿಂದ ಇಲ್ಲಿಗೆ ಏರುವುದು ಬಹಳ ಕಷ್ಟ. ಒಟ್ಟು ಅಂಕ ಚೆನ್ನಾಗಿ ಬರಲಿ ಎಂದು ಶಾಲೆಯವರು ಲಿಟರಸಿಗೆ ಸಲಹೆ ಕೊಟ್ಟಾಗ, ಮಗು ಮುಂದೆ ಏನು ಓದಬೇಕೆಂದಿದೆ ಎಂಬುದನ್ನು ಕೇಳಿಕೊಂಡೇ ಸಹಿ ಹಾಕಿ. ತಾಂತ್ರಿಕ ಶಾಲೆಗಳಲ್ಲಿ ‘ಟೆಕ್ನಿಕಲ್ ಮ್ಯಾಥಮ್ಯಾಟಿಕ್ಸ್’ ಎಂಬ ಮೂರನೇ ರೂಪವೂ ಇದೆ. ಕಸುಬಿಗೆ ಹೋಗುವವರಿಗೆ ಅದು ಒಳ್ಳೆಯ ಬುನಾದಿ, ಆದರೆ ಎಲ್ಲ ಪದವಿಗಳೂ ಅದನ್ನು ಒಪ್ಪುವುದಿಲ್ಲ.

ಭಾಷೆಯ ವಿಚಾರ. ನಡುವಿನ ತರಗತಿಯಲ್ಲಿ ಬೇರೆ ದೇಶದಿಂದ ಬಂದು ಸೇರಿದ ಮಕ್ಕಳಿಗೆ ಎರಡನೇ ಅಧಿಕೃತ ಭಾಷೆಯಿಂದ ವಿನಾಯಿತಿ ಕೇಳುವ ಅವಕಾಶವಿದೆ. ಶಾಲೆ ತಾನಾಗಿ ಹೇಳದೆ ಇರಬಹುದು, ನೀವೇ ಕೇಳಿ. ಮೆಟ್ರಿಕ್‌ನಲ್ಲಿ ತಮಿಳು, ತೆಲುಗು, ಹಿಂದಿ, ಗುಜರಾತಿ, ಉರ್ದುಗಳನ್ನು ವಿಷಯವಾಗಿ ಬರೆಯಬಹುದು. 1860ರಿಂದ ನೇಟಾಲಿನ ಕಬ್ಬಿನ ತೋಟಗಳಿಗೆ ಬಂದ ಕೂಲಿಕಾರರೂ ಅವರ ಹಿಂದೆ ಬಂದ ವ್ಯಾಪಾರಿಗಳೂ ಆಡುತ್ತಿದ್ದ ಮಾತುಗಳವು. ಕನ್ನಡ ಆ ಪಟ್ಟಿಯಲ್ಲಿಲ್ಲ.

ಹಂತ 3: ಅಂಕವನ್ನು ಎಪಿಎಸ್ ಆಗಿ ಪರಿವರ್ತಿಸಿ ನೋಡಿ

ಮೆಟ್ರಿಕ್ ಪಾಸಾದವರೆಲ್ಲ ಪದವಿಗೆ ಅರ್ಹರಲ್ಲ. ಪಾಸಿನಲ್ಲೇ ಮೂರು ಬಗೆ: ಹೈಯರ್ ಸರ್ಟಿಫಿಕೇಟ್ ಪಾಸ್, ಡಿಪ್ಲೊಮಾ ಪಾಸ್, ಬ್ಯಾಚುಲರ್ ಪಾಸ್. ಪದವಿಗೆ ಬೇಕಾದ್ದು ಬ್ಯಾಚುಲರ್ ಪಾಸ್, ಅದಕ್ಕೆ ಲೈಫ್ ಓರಿಯೆಂಟೇಷನ್ ಬಿಟ್ಟು ನಾಲ್ಕು ವಿಷಯಗಳಲ್ಲಿ ಕನಿಷ್ಠ ಶೇ 50 ಇರಬೇಕು. ಇದು ಹೊಸ್ತಿಲು ಮಾತ್ರ. ಸೀಟು ನಿರ್ಧಾರವಾಗುವುದು ಎಪಿಎಸ್ ಎಂಬ ಅಂಕಸೂಚಿಯಿಂದ.

ಪ್ರತಿ ವಿಷಯದ ಶೇಕಡಾವಾರು ಅಂಕವನ್ನು ಮಟ್ಟವಾಗಿ ಬದಲಿಸುತ್ತಾರೆ: 80ರ ಮೇಲೆ 7, 70ರಿಂದ 79ಕ್ಕೆ 6, 60ರಿಂದ 69ಕ್ಕೆ 5, 50ರಿಂದ 59ಕ್ಕೆ 4, ಹೀಗೆ ಇಳಿಯುತ್ತಾ ಹೋಗುತ್ತದೆ. ಲೈಫ್ ಓರಿಯೆಂಟೇಷನ್ ಬಿಟ್ಟು ಒಂದು ಅಂಕಪಟ್ಟಿ ಹೀಗಿದೆ ಎಂದುಕೊಳ್ಳಿ: ಇಂಗ್ಲಿಷ್ 68, ಆಫ್ರಿಕಾನ್ಸ್ 61, ಗಣಿತ 69, ಭೌತ ವಿಜ್ಞಾನ 66, ಜೀವ ವಿಜ್ಞಾನ 74, ಮಾಹಿತಿ ತಂತ್ರಜ್ಞಾನ 81. ಮಟ್ಟಗಳು 5, 5, 5, 5, 6, 7, ಒಟ್ಟು 33. ಗಣಿತದಲ್ಲಿ ಒಂದೇ ಒಂದು ಅಂಕ ಹೆಚ್ಚಾಗಿ 70 ಆದರೆ ಎಪಿಎಸ್ 34 ಆಗುತ್ತದೆ. ಎಷ್ಟೋ ಕೋರ್ಸುಗಳಲ್ಲಿ ಆ ಒಂದರಲ್ಲೇ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಆದ್ದರಿಂದ ಮಗುವಿನ ಅಂಕ 58, 59, 68, 69 ಇರುವ ವಿಷಯಗಳನ್ನು ಗುರುತಿಸಿ, ಟ್ಯೂಷನ್ನಿನ ಸಮಯವನ್ನು ಅಲ್ಲಿಗೆ ಕೊಡಿ. 74ನ್ನು 77 ಮಾಡಲು ಒದ್ದಾಡುವುದರಿಂದ ಎಪಿಎಸ್‌ನಲ್ಲಿ ಏನೂ ಬದಲಾಗುವುದಿಲ್ಲ.

ಆದರೆ ಎಲ್ಲ ವಿಶ್ವವಿದ್ಯಾಲಯಗಳ ಲೆಕ್ಕ ಒಂದೇ ಅಲ್ಲ. ಕೇಪ್‌ಟೌನ್ ವಿಶ್ವವಿದ್ಯಾಲಯ ಆರು ವಿಷಯಗಳ ಶೇಕಡಾ ಅಂಕಗಳನ್ನೇ ಕೂಡಿ 600ಕ್ಕೆ ಲೆಕ್ಕ ಹಾಕುತ್ತದೆ. ಮೇಲಿನ ಅಂಕಪಟ್ಟಿ ಅಲ್ಲಿ 419. ಗಣಿತದ ಆ ಒಂದು ಅಂಕ ಅಲ್ಲಿ ಒಂದೇ ಅಂಕ. ಜೊಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಹೆಚ್ಚು ತೂಕ. ಮೂರು ಕಡೆ ಅರ್ಜಿ ಹಾಕುವುದಾದರೆ ಮೂರೂ ಕಡೆಯ ಸೂತ್ರದಲ್ಲಿ ಬೇರೆ ಬೇರೆ ಲೆಕ್ಕ ಹಾಕಿಟ್ಟುಕೊಳ್ಳಿ.

ಹಂತ 4: ಯಾವ ಬಗೆಯ ವಿಶ್ವವಿದ್ಯಾಲಯ?

ಸರ್ಕಾರಿ ವಿಶ್ವವಿದ್ಯಾಲಯಗಳು 26. ಕೇಪ್‌ಟೌನ್, ವಿಟ್ಸ್, ಸ್ಟೆಲೆನ್‌ಬಾಶ್, ಪ್ರಿಟೋರಿಯಾ, ರೋಡ್ಸ್, ಕ್ವಾಜುಲು-ನೇಟಾಲ್‌ನಂಥವು ಸಾಂಪ್ರದಾಯಿಕ ಬಗೆಯವು. ಒತ್ತು ಪದವಿ ಮತ್ತು ಸಂಶೋಧನೆಗೆ. ಇನ್ನು ತಾಂತ್ರಿಕ ವಿಶ್ವವಿದ್ಯಾಲಯಗಳು ಆರು: ಷ್ವಾನೆ, ಕೇಪ್ ಪೆನಿನ್ಸುಲಾ, ಡರ್ಬನ್, ಸೆಂಟ್ರಲ್, ವಾಲ್, ಮಂಗೋಸುತು. ಇವು ಹಿಂದೆ ‘ಟೆಕ್ನಿಕಾನ್’ಗಳಾಗಿದ್ದವು, ಡಿಪ್ಲೊಮಾಗಳು, ಉದ್ಯಮದಲ್ಲಿ ತರಬೇತಿ ಇವುಗಳ ಜೀವಾಳ. ಜೊಹಾನ್ಸ್‌ಬರ್ಗ್ ವಿಶ್ವವಿದ್ಯಾಲಯ, ನೆಲ್ಸನ್ ಮಂಡೇಲಾ ವಿಶ್ವವಿದ್ಯಾಲಯದಂಥ ಸಮಗ್ರ ಬಗೆಯವುಗಳಲ್ಲಿ ಪದವಿ, ಡಿಪ್ಲೊಮಾ ಎರಡೂ ಸಿಗುತ್ತವೆ. ಕಿಂಬರ್ಲಿಯ ಸೋಲ್ ಪ್ಲಾಟ್ಯೆ ಮತ್ತು ಎಂಬೊಂಬೆಲಾದ ಪುಮಲಂಗಾ ವಿಶ್ವವಿದ್ಯಾಲಯಗಳು 2014ರಲ್ಲಿ ಶುರುವಾದವು. ಅದಕ್ಕೂ ಮೊದಲು ನಾರ್ದರ್ನ್ ಕೇಪ್, ಪುಮಲಂಗಾ ಎಂಬ ಆ ಎರಡು ಪ್ರಾಂತ್ಯಗಳಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ.

ಡರ್ಬನ್ ತಾಂತ್ರಿಕ ವಿಶ್ವವಿದ್ಯಾಲಯದ ಹಿಂದಿನ ಕಥೆ ನಮ್ಮವರು ತಿಳಿದಿರಬೇಕಾದ್ದು. ದಕ್ಷಿಣ ಭಾರತದಿಂದ ಕೂಲಿ ಕರಾರಿನ ಮೇಲೆ ಬಂದು ಮುಂದೆ ಅನುಕೂಲಸ್ಥರಾದ ಎಂ.ಎಲ್. ಸುಲ್ತಾನ್ ಅವರ ದಾನದ ಬಲದಿಂದ, ಭಾರತೀಯರಿಗೆ ತಾಂತ್ರಿಕ ಶಿಕ್ಷಣದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅಲ್ಲೊಂದು ಕಾಲೇಜು ನಿಂತಿತು. ಅದು ಮತ್ತು ನೇಟಾಲ್ ಟೆಕ್ನಿಕಾನ್ 2002ರಲ್ಲಿ ಒಂದಾಗಿ ಇಂದಿನ ಸಂಸ್ಥೆಯಾಗಿದೆ.

ಕೆಲಸ ಮಾಡುತ್ತಲೇ ಓದುವವರಿಗೆ ದೂರಶಿಕ್ಷಣದ ಯುನಿಸಾ ಇದೆ. 1873ರಷ್ಟು ಹಳೆಯದು, ಮಂಡೇಲಾ ಸೆರೆಮನೆಯಲ್ಲಿದ್ದೇ ಕಾನೂನು ಪದವಿ ಮುಗಿಸಿದ್ದು ಇದರ ಮೂಲಕ. ಹದಿನೆಂಟರ ಹುಡುಗ ಹುಡುಗಿಯರಿಗೆ ಮೊದಲ ಆಯ್ಕೆಯಾಗಿ ನಾನಿದನ್ನು ಹೇಳಲಾರೆ, ತಾನಾಗಿ ಕೂತು ಓದುವ ಶಿಸ್ತು ಬಹಳ ಬೇಕು.

ಎಂಜಿನಿಯರಿಂಗ್ ಆಯ್ಕೆ ಮಾಡುವಾಗ ಒಂದು ಎಚ್ಚರ. ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ ಎಂಜಿನಿಯರಿಂಗ್ ಮಂಡಳಿ ಎಕ್ಸಾದ ಮಾನ್ಯತೆ ಇದ್ದರೆ ಅದು ವಾಷಿಂಗ್ಟನ್ ಒಪ್ಪಂದದ ಅಡಿ ಬೇರೆ ಸದಸ್ಯ ದೇಶಗಳಲ್ಲೂ ನಡೆಯುತ್ತದೆ. ಮೂರು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ ಬೇರೆ ಒಪ್ಪಂದದ ಕೆಳಗೆ ಬರುತ್ತದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾಗುತ್ತದೆ. ಊರಿಗೆ ಮರಳುವ ಅಥವಾ ಇನ್ನೊಂದು ದೇಶಕ್ಕೆ ಹೋಗುವ ಯೋಚನೆ ಇದ್ದರೆ ಇದನ್ನು ಮೊದಲೇ ವಿಚಾರಿಸಿ.

ಹಂತ 5: ಅರ್ಜಿಯ ಕ್ಯಾಲೆಂಡರ್

ಹನ್ನೊಂದನೇ ಗ್ರೇಡಿನ ಕೊನೆಯ ಪರೀಕ್ಷೆಯನ್ನು ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ವಾಸ್ತವದಲ್ಲಿ ವಿಶ್ವವಿದ್ಯಾಲಯ ಮೊದಲು ನೋಡುವುದು ಆ ಅಂಕಗಳನ್ನೇ, ಏಕೆಂದರೆ ಅರ್ಜಿ ಹಾಕುವಾಗ ಕೈಯಲ್ಲಿರುವುದು ಅವೇ. ಅವುಗಳ ಮೇಲೆ ಷರತ್ತಿನ ಸೀಟು ಸಿಗುತ್ತದೆ, ಜನವರಿಯ ಫಲಿತಾಂಶ ಅದನ್ನು ಖಾಯಂ ಮಾಡುತ್ತದೆ ಅಥವಾ ಕಿತ್ತುಕೊಳ್ಳುತ್ತದೆ.

ಮಾರ್ಚ್–ಏಪ್ರಿಲ್ ಹೊತ್ತಿಗೆ ಹೆಚ್ಚಿನ ಕಡೆ ಅರ್ಜಿ ತೆರೆಯುತ್ತದೆ. ಕೇಪ್‌ಟೌನ್, ಸ್ಟೆಲೆನ್‌ಬಾಶ್‌ಗಳ ಗಡುವು ಸಾಮಾನ್ಯವಾಗಿ ಜುಲೈ ಕೊನೆ. ಜೊಹಾನ್ಸ್‌ಬರ್ಗ್ ಕಡೆಯವು ಹೆಚ್ಚಾಗಿ ಸೆಪ್ಟೆಂಬರ್ ಕೊನೆ. ವೈದ್ಯಕೀಯಕ್ಕೆ ಹಲವು ಕಡೆ ಇನ್ನೂ ಮೊದಲೇ. ಆಯಾ ವರ್ಷದ ದಿನಾಂಕವನ್ನು ಸಂಸ್ಥೆಯ ಜಾಲತಾಣದಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ಕ್ವಾಜುಲು-ನೇಟಾಲ್ ಪ್ರಾಂತ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೆಂಟ್ರಲ್ ಅಪ್ಲಿಕೇಷನ್ಸ್ ಆಫೀಸ್ ಮೂಲಕ ಒಂದೇ ಅರ್ಜಿ. ಉಳಿದ ಕಡೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ.

ಕೆಲವು ವಿಶ್ವವಿದ್ಯಾಲಯಗಳು ಎನ್‌ಬಿಟಿ ಎಂಬ ಮಾನದಂಡ ಪರೀಕ್ಷೆಯನ್ನೂ ಕೇಳುತ್ತವೆ. ಅದರಲ್ಲಿ ಪಾಸು, ಫೇಲು ಎಂಬುದಿಲ್ಲ, ಮಟ್ಟವನ್ನಷ್ಟೇ ಹೇಳುತ್ತಾರೆ. ಕ್ಯಾಲ್ಕ್ಯುಲೇಟರ್ ಬಿಡುವುದಿಲ್ಲ. ಕ್ಯಾಲ್ಕ್ಯುಲೇಟರಿಗೆ ಒಗ್ಗಿಹೋದ ಮಕ್ಕಳಿಗೆ ಇದೇ ದೊಡ್ಡ ತೊಡಕು, ಕೈಲೆಕ್ಕ ಸ್ವಲ್ಪ ದಿನ ಅಭ್ಯಾಸ ಮಾಡಿಸಿ.

ಹಂತ 6: ಕಸುಬಿನ ದಾರಿ

ಸರ್ಕಾರಿ ಟಿವೆಟ್ ಕಾಲೇಜುಗಳು, ಅಂದರೆ ತಾಂತ್ರಿಕ ಮತ್ತು ವೃತ್ತಿ ಶಿಕ್ಷಣದ ಕಾಲೇಜುಗಳು, 50. ಹಿಂದಿನ ನೂರೈವತ್ತರಷ್ಟು ಟೆಕ್ನಿಕಲ್ ಕಾಲೇಜುಗಳನ್ನು ಸೇರಿಸಿ ಮಾಡಿದವಾದ್ದರಿಂದ ಒಂದೊಂದಕ್ಕೂ ಹಲವು ಕ್ಯಾಂಪಸ್‌ಗಳು. ಕಾಲೇಜಿನ ಹೆಸರಿಗಿಂತ ಕ್ಯಾಂಪಸ್ ಮುಖ್ಯ: ವೆಲ್ಡಿಂಗ್ ವರ್ಕ್‌ಶಾಪ್ ಒಂದು ಕಡೆ ಇದ್ದರೆ ಹೋಟೆಲ್ ಅಡುಗೆಮನೆ ಇನ್ನೊಂದು ಕಡೆ ಇರುತ್ತದೆ. ಅರ್ಜಿ ಹಾಕುವ ಮುನ್ನ ಒಮ್ಮೆ ಹೋಗಿ ವರ್ಕ್‌ಶಾಪ್ ನೋಡಿ. ಲೇತ್‌ಗಳು ಓಡುತ್ತಿವೆಯೇ, ಅವುಗಳ ಕೆಳಗೆ ಲೋಹದ ಸುರುಳಿ ಬಿದ್ದಿದೆಯೇ, ವೆಲ್ಡಿಂಗ್ ಬೂತ್‌ಗಳಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರೆಯೇ ಎಂದು ಗಮನಿಸಿ. ಯಂತ್ರಗಳ ಮೇಲೆ ಧೂಳು ಕೂತಿದ್ದರೆ ಅಲ್ಲಿ ಬರೀ ಪುಸ್ತಕದ ಪಾಠ ನಡೆಯುತ್ತಿದೆ ಎಂದರ್ಥ.

ಕಾಲೇಜಿನೊಳಗೆ ಮೂರು ಬಗೆಯ ಕೋರ್ಸುಗಳು. ಒಂಬತ್ತನೇ ಗ್ರೇಡ್ ಮುಗಿಸಿದವರಿಗೆ ಎನ್‌ಸಿ-ವಿ ಎಂಬ ವೃತ್ತಿ ಶಿಕ್ಷಣದ ರಾಷ್ಟ್ರೀಯ ಪ್ರಮಾಣಪತ್ರ: 2, 3, 4 ಎಂಬ ಮೂರು ಮಟ್ಟ, ಮೂರು ವರ್ಷ, ಕೊನೆಯದು ಮೆಟ್ರಿಕ್‌ಗೆ ಸಮ. ಎರಡನೆಯದು ‘ಎನ್’ ಕೋರ್ಸುಗಳು, ಎನ್4ರಿಂದ ಎನ್6. ಮೆಟ್ರಿಕ್ ಆದವರು ಹೆಚ್ಚಾಗಿ ಸೇರುವುದು ಇದಕ್ಕೆ. ಎಂಜಿನಿಯರಿಂಗ್ ವಿಷಯವಾದರೆ ಒಂದೊಂದು ಹಂತಕ್ಕೂ ಒಂದು ತ್ರೈಮಾಸಿಕ, ವಾಣಿಜ್ಯವಾದರೆ ಆರು ತಿಂಗಳು. ಎನ್6 ಮುಗಿದರೆ ಡಿಪ್ಲೊಮಾ ಬಂತು ಎಂದುಕೊಳ್ಳಬೇಡಿ. ಅದರ ಮೇಲೆ ಸಂಬಂಧಪಟ್ಟ ಕೆಲಸದಲ್ಲಿ ಅನುಭವ ತೋರಿಸಬೇಕು, ವಾಣಿಜ್ಯಕ್ಕೆ 18 ತಿಂಗಳು. ಆಮೇಲೇ ರಾಷ್ಟ್ರೀಯ ಎನ್ ಡಿಪ್ಲೊಮಾ. ಸಾವಿರಾರು ಮಕ್ಕಳು ಕೆಲಸದ ಜಾಗ ಸಿಗದೆ ಎನ್6ರಲ್ಲೇ ನಿಂತುಬಿಡುತ್ತಾರೆ. ಸೇರುವ ದಿನವೇ ‘ಕೆಲಸದ ಜಾಗಕ್ಕೆ ಕಾಲೇಜು ಹೇಗೆ ನೆರವಾಗುತ್ತದೆ, ಯಾವ ಕಂಪನಿಗಳ ಜೊತೆ ಒಪ್ಪಂದವಿದೆ?’ ಎಂದು ಕೇಳಿ.

ಮೂರನೆಯದು ಹೊಸ ಔದ್ಯೋಗಿಕ ಅರ್ಹತೆಗಳು. ಇವುಗಳ ಉಸ್ತುವಾರಿ ಕ್ಯುಸಿಟಿಒ ಎಂಬ ಮಂಡಳಿಯದು. 2009ಕ್ಕೂ ಹಿಂದಿನ ಹಳೆಯ ಕೋರ್ಸುಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವ ಕೊನೆಯ ದಿನ 2024ರ ಜೂನ್ 30ಕ್ಕೆ ಮುಗಿದಿದೆ. ಈಗಲೂ ಯಾರಾದರೂ ಹಳೆಯ ಹೆಸರಿನ ಕೋರ್ಸಿಗೆ ದಾಖಲಾತಿ ಮಾಡಿಕೊಳ್ಳುತ್ತೇವೆ ಎಂದರೆ ದುಡ್ಡು ಕಟ್ಟುವ ಮುನ್ನ ಅದು ಈಗಿನ ನೋಂದಣಿಯ ಕೋರ್ಸೇ ಎಂದು ಖಚಿತಪಡಿಸಿಕೊಳ್ಳಿ.

ಪೂರ್ಣ ಪ್ರಮಾಣದ ಕುಶಲಕರ್ಮಿ, ಇಲ್ಲಿಯ ಮಾತಿನಲ್ಲಿ ‘ಆರ್ಟಿಸನ್’, ಆಗಲು ಕಾಲೇಜಿನ ಪಾಠ ಸಾಲದು. ಅಪ್ರೆಂಟಿಸ್ ಆಗಿ ಒಬ್ಬ ಉದ್ಯೋಗದಾತರ ಕೈಕೆಳಗೆ ಮೂರು ನಾಲ್ಕು ವರ್ಷ ದುಡಿಯಬೇಕು. ಮಾಡಿದ ಒಂದೊಂದು ಕೆಲಸವನ್ನೂ ಲಾಗ್‌ಬುಕ್‌ನಲ್ಲಿ ಬರೆದು ಮೇಲಿನ ಆರ್ಟಿಸನ್‌ರಿಂದ ಸಹಿ ಹಾಕಿಸಿಕೊಳ್ಳುತ್ತಾ ಹೋಗಬೇಕು. ವಾರವಾರ ಸಹಿ ಪಡೆಯದೆ ಕೊನೆಗೆ ಒಟ್ಟಿಗೆ ಮಾಡಿಸೋಣ ಎಂದುಕೊಂಡರೆ, ಅಷ್ಟರಲ್ಲಿ ಆ ಮೇಲಿನವರು ಕೆಲಸ ಬಿಟ್ಟು ಹೋಗಿರುತ್ತಾರೆ. ಆಮೇಲೆ ಟ್ರೇಡ್ ಟೆಸ್ಟ್. ಜೊಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ನಡುವಿನ ಒಲಿಫಾಂಟ್ಸ್‌ಫೊಂಟೈನ್‌ನಲ್ಲಿರುವ ಸರ್ಕಾರದ ಇಂಡ್ಲೆಲಾ ಕೇಂದ್ರದಲ್ಲಿ ಅಥವಾ ಮಾನ್ಯತೆ ಪಡೆದ ಬೇರೆ ಕೇಂದ್ರದಲ್ಲಿ ಕೈಯಾರೆ ಕೆಲಸ ಮಾಡಿ ತೋರಿಸಬೇಕು. ಪಾಸಾದರೆ ಸಿಗುವುದು ‘ರೆಡ್ ಸೀಲ್’ ಪ್ರಮಾಣಪತ್ರ. ಎಸ್ಕಾಮ್, ಟ್ರಾನ್ಸ್‌ನೆಟ್, ಸಾಸೋಲ್‌ನಂಥ ದೊಡ್ಡ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ.

ಇದಕ್ಕಿಂತ ಚಿಕ್ಕದು ಲರ್ನರ್‌ಶಿಪ್: ಸಾಮಾನ್ಯವಾಗಿ ಒಂದು ವರ್ಷ, ಪಾಠ ಮತ್ತು ಕೆಲಸ ಎರಡೂ, ತಿಂಗಳಿಗೆ ಒಂದಿಷ್ಟು ಭತ್ಯೆ. ಇದರ ಹಿಂದೆ ಇರುವುದು ‘ಸೇಟಾ’ ಎಂಬ ವಲಯವಾರು ಸಂಸ್ಥೆಗಳು. ಕಂಪನಿಗಳು ಸಂಬಳದ ಮೊತ್ತದ ಶೇ 1ರಷ್ಟನ್ನು ಕೌಶಲ ತೆರಿಗೆಯಾಗಿ ಕಟ್ಟುತ್ತವೆ, ಆ ಹಣದ ಒಂದು ಭಾಗ ತರಬೇತಿಗೆ ಈ ಮೂಲಕ ಮರಳುತ್ತದೆ. ಕಾರ್ಖಾನೆ ಕೆಲಸಕ್ಕೆ ಮರ್ಸೇಟಾ, ಬ್ಯಾಂಕಿಗೆ ಬ್ಯಾಂಕ್‌ಸೇಟಾ, ಹೀಗೆ. ಅಪ್ರೆಂಟಿಸ್‌ಶಿಪ್, ಲರ್ನರ್‌ಶಿಪ್‌ಗಳ ಜಾಹೀರಾತು ಸಾಮಾನ್ಯವಾಗಿ ದಕ್ಷಿಣ ಆಫ್ರಿಕಾದ ಗುರುತಿನ ಸಂಖ್ಯೆ ಕೇಳುತ್ತದೆ. ವರ್ಕ್ ವೀಸಾದಲ್ಲಿರುವವರ ಮಕ್ಕಳಿಗೆ ಈ ದಾರಿ ಕಿರಿದು. ಖಾಯಂ ನಿವಾಸ ಅಥವಾ ಪೌರತ್ವ ಇರುವ ಮನೆಗಳಿಗೆ ಸಾಕಷ್ಟು ಅಗಲವಾಗಿದೆ.

ಊರಿನಲ್ಲಿ ಐಟಿಐ ಮಾಡಿ ಇಲ್ಲಿ ಬಂದು ಎಷ್ಟೋ ವರ್ಷದಿಂದ ಫಿಟ್ಟರ್, ಎಲೆಕ್ಟ್ರಿಷಿಯನ್ ಆಗಿ ದುಡಿಯುತ್ತಿರುವ ಅಣ್ಣಂದಿರಿಗೂ ಒಂದು ಮಾತು. ಅನುಭವದ ದಾಖಲೆ ತೋರಿಸಿ ಟ್ರೇಡ್ ಟೆಸ್ಟ್‌ಗೆ ಕೂರುವ ಎಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಹಳೆಯ ಉದ್ಯೋಗದಾತರ ಪತ್ರಗಳನ್ನು ಈಗಲೇ ಒಟ್ಟು ಮಾಡಿಟ್ಟುಕೊಳ್ಳಿ.

ಹಂತ 7: ಖಾಸಗಿ ಕಾಲೇಜನ್ನು ಪರೀಕ್ಷಿಸುವುದು

ಒಳ್ಳೆಯ ಖಾಸಗಿ ಸಂಸ್ಥೆಗಳು ಇವೆ, ನಕಲಿಗಳೂ ಇವೆ. ನಗರದ ಮಧ್ಯದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಬೋರ್ಡ್ ಹಾಕಿಕೊಂಡು ದುಡ್ಡು ಕಟ್ಟಿಸಿಕೊಂಡು ಮಾಯವಾಗುವವರ ಬಗ್ಗೆ ಉನ್ನತ ಶಿಕ್ಷಣ ಇಲಾಖೆ ವರ್ಷವೂ ಎಚ್ಚರಿಸುತ್ತದೆ.

ಮೂರು ದಾಖಲೆ ಕೇಳಿ. ಇಲಾಖೆಯ ನೋಂದಣಿ ಪ್ರಮಾಣಪತ್ರ. ಆ ಕೋರ್ಸಿಗೆ ಉನ್ನತ ಶಿಕ್ಷಣ ಮಂಡಳಿಯ ಮಾನ್ಯತೆ, ಔದ್ಯೋಗಿಕ ಕೋರ್ಸಾದರೆ ಕ್ಯುಸಿಟಿಒದ್ದು. ಕೋರ್ಸಿನ ಸಾಕ್ವಾ ಸಂಖ್ಯೆ. ಪ್ರಮಾಣಪತ್ರವನ್ನು ಗೋಡೆಯ ಮೇಲೆ ದೂರದಿಂದ ನೋಡಿ ಬರಬೇಡಿ, ಹತ್ತಿರ ಹೋಗಿ ಓದಿ. ನಿಮ್ಮ ಮಗು ಸೇರುವ ಕೋರ್ಸಿನ ಹೆಸರು, ಪಾಠ ನಡೆಯುವ ಜಾಗ ಎರಡೂ ಅದರಲ್ಲಿ ನಮೂದಾಗಿರಬೇಕು. ಸಂಸ್ಥೆ ನೋಂದಾಯಿತವಾಗಿದ್ದು ಆ ಒಂದು ಕೋರ್ಸ್ ಮಾತ್ರ ಪಟ್ಟಿಯಲ್ಲಿಲ್ಲದಿರುವುದೂ ಉಂಟು. ‘ಅರ್ಜಿ ಹಾಕಿದ್ದೇವೆ, ಬರುತ್ತದೆ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಹಂತ 8: ಹಣ

ಸರ್ಕಾರದ ಎನ್‌ಎಸ್‌ಎಫ್‌ಎಎಸ್ ಯೋಜನೆ, ಮನೆಯ ವಾರ್ಷಿಕ ಆದಾಯ 3,50,000 ರ‍್ಯಾಂಡ್ ಮೀರದ ದೇಶದ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯ ಮತ್ತು ಟಿವೆಟ್ ಓದಿನ ಖರ್ಚು ನೋಡಿಕೊಳ್ಳುತ್ತದೆ. ಅಂಗವಿಕಲರಿಗೆ ಮಿತಿ 6,00,000. ವಿದೇಶಿ ಪೌರರ ಮಕ್ಕಳಿಗೆ ಇದು ಸಿಗುವುದಿಲ್ಲ. ಅವರು ದೇಶದವರಿಗಿಂತ ಹೆಚ್ಚಿನ ಶುಲ್ಕ ಕಟ್ಟಬೇಕು, ಹಲವು ಕಡೆ ವರ್ಷದ ದೊಡ್ಡ ಭಾಗವನ್ನು ನೋಂದಣಿಗೆ ಮೊದಲೇ ಕೇಳುತ್ತಾರೆ. ಶುಲ್ಕದ ಪುಸ್ತಿಕೆಯಲ್ಲಿ ‘ಅಂತರರಾಷ್ಟ್ರೀಯ ವಿದ್ಯಾರ್ಥಿಗಳು’ ಎಂಬ ಭಾಗವನ್ನೇ ಓದಿ. ಖಾಯಂ ನಿವಾಸ ಇದ್ದವರಿಗೆ ಬಹಳ ಕಡೆ ಸ್ಥಳೀಯ ಶುಲ್ಕವೇ ಅನ್ವಯಿಸುತ್ತದೆ, ಆ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡಿದ್ದರೆ ಈಗ ಹಾಕಿ.

ಹಂತ 9: ವೀಸಾ, ಭಾರತದ ಅಂಕಪಟ್ಟಿ

ಅಪ್ಪ ಅಮ್ಮನ ಜೊತೆಗಿರಲು ಕೊಟ್ಟ ವೀಸಾ ಓದಲು ಕೊಟ್ಟ ವೀಸಾ ಅಲ್ಲ. ವಿಶ್ವವಿದ್ಯಾಲಯದ ಪ್ರವೇಶಪತ್ರ ಹಿಡಿದು ಸ್ಟಡಿ ವೀಸಾ ಪಡೆಯಬೇಕು. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ವರದಿ, ಖರ್ಚಿಗೆ ಹಣವಿರುವ ಪುರಾವೆ, ದಕ್ಷಿಣ ಆಫ್ರಿಕಾದಲ್ಲಿ ನೋಂದಾಯಿತವಾದ ಮೆಡಿಕಲ್ ಸ್ಕೀಮ್ ಸದಸ್ಯತ್ವ ಬೇಕು. ಭಾರತದ ಪ್ರವಾಸಿ ವಿಮೆ ಸಾಲುವುದಿಲ್ಲ. ಸ್ಟಡಿ ವೀಸಾದಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಅರೆಕಾಲಿಕ ಕೆಲಸ ಮಾಡಬಹುದು.

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಇಲ್ಲಿ ಪದವಿಗೆ ಸೇರುವವರಿಗೆ ಸಾಮಾನ್ಯವಾಗಿ ಎರಡು ಕಾಗದ ಬೇಕಾಗುತ್ತವೆ: ಸಾಕ್ವಾ ಮೌಲ್ಯಮಾಪನ, ಮತ್ತು ಪದವಿ ಪ್ರವೇಶಕ್ಕೆ ಅರ್ಹತೆ ಹೇಳುವ ಮೆಟ್ರಿಕ್ಯುಲೇಷನ್ ಬೋರ್ಡಿನ ವಿನಾಯಿತಿ ಪತ್ರ. ಪಿಯುಸಿ ಫಲಿತಾಂಶ ಬರುವಷ್ಟರಲ್ಲಿ ಇಲ್ಲಿಯ ಶೈಕ್ಷಣಿಕ ವರ್ಷ ಶುರುವಾಗಿರುತ್ತದೆ, ಮುಂದಿನ ಫೆಬ್ರುವರಿಗೇ ಸೇರಬೇಕು. ನಡುವಿನ ತಿಂಗಳುಗಳನ್ನು ಈ ಕಾಗದಗಳಿಗೆ ಬಳಸಿಕೊಳ್ಳಿ.

ವೈದ್ಯಕೀಯದ ಬಗ್ಗೆ ನೇರವಾಗಿ ಹೇಳಬೇಕು. ಇಲ್ಲಿಯ ವೈದ್ಯಕೀಯ ಶಿಕ್ಷಣ ಉತ್ತಮವಾದದ್ದು, ಆರು ವರ್ಷದ್ದು, ಆದರೆ ವಿದೇಶಿಯರಿಗೆ ಸೀಟು ತೀರಾ ಕಡಿಮೆ. ಮುಂದೆ ಭಾರತದಲ್ಲಿ ವೃತ್ತಿ ಮಾಡುವ ಯೋಚನೆ ಇದ್ದರೆ ಭಾರತೀಯ ಪೌರರು ಹೊರಡುವ ಮೊದಲೇ ನೀಟ್ ಪಾಸಾಗಿರಬೇಕು.

ಹಂತ 10: ಜನವರಿಯಲ್ಲಿ ಸೀಟು ಸಿಗದಿದ್ದರೆ

2012ರ ಜನವರಿಯಲ್ಲಿ ಜೊಹಾನ್ಸ್‌ಬರ್ಗ್ ವಿಶ್ವವಿದ್ಯಾಲಯದ ಗೇಟಿನ ಮುಂದೆ ತಡವಾದ ಅರ್ಜಿಗಾಗಿ ಸೇರಿದ್ದ ಜನರ ನಡುವೆ ನೂಕುನುಗ್ಗಲಾಗಿ, ಮಗನಿಗಾಗಿ ಸಾಲಿನಲ್ಲಿ ನಿಂತಿದ್ದ ತಾಯಿಯೊಬ್ಬರು ತೀರಿಕೊಂಡರು. ಆ ನಂತರ ನೇರವಾಗಿ ಹೋಗಿ ಅರ್ಜಿ ಕೊಡುವ ಪದ್ಧತಿಯೇ ನಿಂತಿತು. ಆದ್ದರಿಂದ ಫಲಿತಾಂಶದ ಮರುದಿನ ಫೈಲು ಹಿಡಿದು ಕ್ಯಾಂಪಸ್ಸಿಗೆ ಓಡಬೇಡಿ, ಒಳಗೆ ಬಿಡುವುದಿಲ್ಲ.

ಅದರ ಬದಲು ಇಲಾಖೆಯ ಸೆಂಟ್ರಲ್ ಅಪ್ಲಿಕೇಷನ್ ಕ್ಲಿಯರಿಂಗ್ ಹೌಸ್‌ನಲ್ಲಿ ಹೆಸರು ನೋಂದಾಯಿಸಿ; ಸೀಟು ಖಾಲಿ ಇರುವ ಸಂಸ್ಥೆಗಳು ಅಲ್ಲಿಂದಲೇ ಸಂಪರ್ಕಿಸುತ್ತವೆ. ಅಂಕದ ಮೇಲೆ ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೆ ಕೊಟ್ಟ ಕೆಲವೇ ವಾರಗಳ ಗಡುವಿನೊಳಗೆ ಅರ್ಜಿ ಹಾಕಿ. ಆ 69, 70ರ ಲೆಕ್ಕ ಇಲ್ಲಿ ನೆನಪಿರಲಿ. ಒಂದೆರಡು ವಿಷಯದ ಅಂಕ ಏರಿಸಿಕೊಳ್ಳಬೇಕಾದರೆ ಮೇ–ಜೂನ್‌ನಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು. ಡಿಪ್ಲೊಮಾ ಪಾಸ್ ಮಾತ್ರ ಬಂದಿದ್ದರೆ ತಾಂತ್ರಿಕ ವಿಶ್ವವಿದ್ಯಾಲಯದ ಡಿಪ್ಲೊಮಾ, ಅದಕ್ಕಿಂತ ಕಡಿಮೆಯಾಗಿದ್ದರೆ ಹೈಯರ್ ಸರ್ಟಿಫಿಕೇಟ್; ಅದನ್ನು ಚೆನ್ನಾಗಿ ಮುಗಿಸಿದವರು ಡಿಪ್ಲೊಮಾಗೆ, ಕೆಲವೊಮ್ಮೆ ಪದವಿಗೂ ಅರ್ಜಿ ಹಾಕಬಹುದು. ಟಿವೆಟ್ ಕಾಲೇಜಿನ ವಾಣಿಜ್ಯ ಎನ್4 ತರಗತಿಗಳಿಗೆ ವರ್ಷದ ನಡುವೆ, ಎಂಜಿನಿಯರಿಂಗ್‌ನವಕ್ಕೆ ತ್ರೈಮಾಸಿಕಕ್ಕೊಮ್ಮೆ ಮತ್ತೆ ದಾಖಲಾತಿ ಇರುತ್ತದೆ. ಜನವರಿಯಲ್ಲಿ ಜಾಗ ಸಿಗದಿದ್ದರೆ ಮುಂದಿನ ದಾಖಲಾತಿಯ ದಿನಾಂಕವನ್ನು ಆ ಕ್ಯಾಂಪಸ್ಸಿನ ಕಚೇರಿಯಲ್ಲೇ ಕೇಳಿ ಬನ್ನಿ.